ಟ್ಯಾಪಿಗೆ ಎಣ್ಣೆ, ಅರಕ್ಕೆ ಸೀಮೆಸುಣ್ಣ

ಹಲಸಿನ ಹಣ್ಣು ಬಿಡಿಸಲು ಕೂರುವವರು ಮೊದಲು ಮಾಡುವ ಕೆಲಸ, ಕೈಗೂ ಕತ್ತಿಗೂ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು. ಯಾಕೆಂದು ಕೇಳಿದರೆ ಮಲೆನಾಡಿನ ಮಗುವೂ ಹೇಳುತ್ತದೆ, ಮೇಣ ಅಂಟಬಾರದು ಅಂತ. ಕತ್ತಿ ಕಾಯುತ್ತದೆ, ಅದನ್ನು ತಣ್ಣಗಿಡಬೇಕು ಎಂದು ಯಾರೂ ಹೇಳುವುದಿಲ್ಲ. ಅಡುಗೆಮನೆಯಲ್ಲಿ ಇಷ್ಟು ನಿಚ್ಚಳವಾಗಿರುವ ಮಾತು, ಅದೇ ಮನೆಯ ಹಿತ್ತಿಲಲ್ಲಿ ಕಬ್ಬಿಣದ ಸರಳು ಕೊಯ್ಯಲು ಹ್ಯಾಕ್ಸಾ ಹಿಡಿದಾಗ ಹೇಗೋ ಮಸುಕಾಗಿಬಿಡುತ್ತದೆ. ಲೋಹ ಕೊಯ್ಯುವಾಗ ಎಣ್ಣೆ ಯಾಕೆ ಎಂದರೆ ಬರುವ ಉತ್ತರ ಒಂದೇ: ತಂಪಿಗೆ. ವರ್ಕ್‌ಶಾಪಿನಲ್ಲಿ ಅದಕ್ಕಿರುವ ಹೆಸರೂ ಕೂಲೆಂಟ್. ಈ ಒಂದು ಉತ್ತರದ ಬೆನ್ನಿಗೆ ಎರಡು ತಪ್ಪು ತೀರ್ಮಾನಗಳು ಬರುತ್ತವೆ. ಕೈಕೆಲಸದಲ್ಲಿ ಶಾಖವೇ ಹುಟ್ಟುವುದಿಲ್ಲ, ಆದ್ದರಿಂದ ಎಣ್ಣೆ ಬೇಡ ಎನ್ನುವವರು ಒಂದು ಕಡೆ. ಎಣ್ಣೆ ಒಳ್ಳೆಯದೇ ತಾನೆ, ಹಾಗಾದರೆ ಎಲ್ಲಕ್ಕೂ ಇರಲಿ ಎಂದು ಅರಕ್ಕೂ ಬಳಿಯುವವರು ಇನ್ನೊಂದು ಕಡೆ. ಕೈಯಿಂದ ಲೋಹ ಕೊಯ್ಯುವಾಗ ಎಣ್ಣೆಯ ಕೆಲಸ ಹಲಸಿನ ಕತ್ತಿಯ ಮೇಲಿನ ಎಣ್ಣೆಯ ಕೆಲಸವೇ, ಅಂಟದಂತೆ ನೋಡಿಕೊಳ್ಳುವುದು; ಕೆಲಸ ನಿಧಾನವಾದಷ್ಟೂ ಅದು ಹೆಚ್ಚು ಫಲ ಕೊಡುತ್ತದೆ ಎಂಬುದು ಈ ಹೊತ್ತಿನ ನನ್ನ ವಾದ.

ತಂಪಿನ ಮಾತು ಸುಳ್ಳೇನಲ್ಲ, ಆದರೆ ಅದು ಯಂತ್ರದ ಮನೆಯ ಮಾತು. ಅದರ ಜಾಡು ಹಿಡಿದು ಹೊರಟರೆ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಹೋಗಿ ನಿಲ್ಲುತ್ತೇವೆ. ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರು 1880ರ ದಶಕದಲ್ಲಿ ಅಲ್ಲಿ ಉಕ್ಕು ಕೊಯ್ಯುವ ಪ್ರಯೋಗಗಳನ್ನು ಶುರುಮಾಡಿದರು. ಸುಮಾರು 26 ವರ್ಷಗಳ ಆ ದುಡಿಮೆಯ ಫಲವನ್ನು 1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಅಧ್ಯಕ್ಷ ಭಾಷಣವಾಗಿ ಇಟ್ಟರು. ಬರೆದಿಟ್ಟ ಪ್ರಯೋಗಗಳೇ 30,000ಕ್ಕೆ ಮೇಲೆ, ಅವುಗಳಿಗಾಗಿ ಸಿಪ್ಪೆಯಾಗಿ ಹೋದ ಉಕ್ಕು ಮತ್ತು ಕಬ್ಬಿಣ 8 ಲಕ್ಷ ಪೌಂಡಿಗೂ ಹೆಚ್ಚು. ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು ಇದು: ಲೇತಿನ ಉಳಿ ಲೋಹವನ್ನು ಕಿತ್ತೇಳಿಸುವ ಜಾಗಕ್ಕೇ ನೀರಿನ ದಪ್ಪ ಧಾರೆ ಬಿಟ್ಟರೆ ಕೊಯ್ಯುವ ವೇಗವನ್ನು ಶೇಕಡ 30ರಿಂದ 40ರಷ್ಟು ಏರಿಸಬಹುದು. ತುಕ್ಕು ಹಿಡಿಯದಿರಲಿ ಎಂದು ಸೋಡಾ ಬೆರೆಸಿದ ಬರೀ ನೀರು ಅದು, ಎಣ್ಣೆಯಲ್ಲ. ಜಾರಿಸುವ ಗುಣ ಅಷ್ಟಕ್ಕಷ್ಟೇ ಆದ ನೀರಿನಿಂದ ಇಷ್ಟು ಲಾಭ ಬಂದಿತೆಂದರೆ ಅದು ತಂಪಿನ ಲಾಭವೇ ಸರಿ. ವೇಗ ಹೆಚ್ಚಿದಂತೆ ಉಳಿಯ ಮೂತಿ ಕಾದು ಮೆತ್ತಗಾಗುತ್ತದೆ, ನೀರು ಆ ಗಳಿಗೆಯನ್ನು ಮುಂದೂಡುತ್ತದೆ. ಇಂದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯಂತ್ರಗಳ ಮೇಲೆ ಹಾಲಿನಂತೆ ಸುರಿಯುವ ಬಿಳಿ ನೀರು ಟೇಲರರ ಧಾರೆಯ ಮೊಮ್ಮಗನೇ. ಅಲ್ಲಿ ಅದಕ್ಕೆ ಕೂಲೆಂಟ್ ಎಂಬ ಹೆಸರು ಸಲ್ಲುತ್ತದೆ. ತೊಂದರೆ ಆಗಿರುವುದು, ಆ ಹೆಸರು ಕೈಕೆಲಸದ ಬೆಂಚ್ ವೈಸಿನ ಪಕ್ಕಕ್ಕೂ ಬಂದು ಕೂತಿರುವುದರಿಂದ.

ವೈಸಿನ ಪಕ್ಕದಲ್ಲಿ ಹುಟ್ಟುವ ಶಾಖ ಎಷ್ಟು, ಲೆಕ್ಕ ಹಾಕಿ ನೋಡೋಣ. 20 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಸರಳನ್ನು ಹ್ಯಾಕ್ಸಾದಿಂದ ಕೊಯ್ಯುತ್ತೇವೆ ಎನ್ನಿ. ಸರಳಿನ ಕೊಯ್ದ ಮುಖ 314 ಚದರ ಮಿಲಿಮೀಟರ್. ಬ್ಲೇಡು ಬಿಡುವ ಸೀಳು ಹೆಚ್ಚುಕಡಿಮೆ 1 ಮಿಲಿಮೀಟರ್ ಅಗಲ. ಅಂದರೆ ಪುಡಿಯಾಗುವ ಲೋಹ 314 ಘನ ಮಿಲಿಮೀಟರ್. ಮೆದು ಉಕ್ಕಿನ ಒಂದು ಘನ ಮಿಲಿಮೀಟರ್ ತೆಗೆಯಲು ಯಂತ್ರದಲ್ಲಿ 2ರಿಂದ 3 ಜೂಲ್ ಶಕ್ತಿ ಬೇಕು. ಕೈ ಗರಗಸದ ಒರಸಾಟ ಹೆಚ್ಚೆಂದು ಅದರ ದುಪ್ಪಟ್ಟು ಹಿಡಿದರೂ ಒಟ್ಟು 2,000 ಜೂಲಿನ ಆಸುಪಾಸು. ಇಷ್ಟೂ ಶಕ್ತಿ ಶಾಖವಾಗಿ ಒಂದೇ ಕಡೆ ಸೇರಿದರೂ ಒಂದು ಲೋಟ ಕಾಫಿಯಷ್ಟು ನೀರು, ಅಂದರೆ 100 ಮಿಲಿಲೀಟರ್, 5 ಡಿಗ್ರಿ ಬಿಸಿಯಾಗುತ್ತದೆ, ಅಷ್ಟೇ. ಅದೂ ನಾಲ್ಕೈದು ನಿಮಿಷಗಳ ಬೆವರಿನ ಕೆಲಸದಲ್ಲಿ ಹಂಚಿಹೋಗಿ, ಇಡೀ ಸರಳಿಗೂ 300 ಮಿಲಿಮೀಟರ್ ಉದ್ದದ ಬ್ಲೇಡಿಗೂ ಹರಡಿ. 1798ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿ ಕೊರೆಯುವಾಗ ಹುಟ್ಟುವ ಶಾಖದಿಂದ ನೀರು ಕುದಿಸಿದ್ದನ್ನು ವಿವರಿಸಿ ಪ್ರಸಿದ್ಧನಾದ. ಅಲ್ಲಿ ತಿರುಗಿಸುತ್ತಿದ್ದದ್ದು ಕುದುರೆಗಳು, ಬೈರಿಗೆ ಬೇಕೆಂದೇ ಮೊಂಡಾಗಿಟ್ಟದ್ದು, ನೀರು ಕುದಿಯಲು ಎರಡೂವರೆ ಗಂಟೆ ಹಿಡಿಯಿತು. ಮನುಷ್ಯನ ತೋಳು ಹರಿತವಾದ ಹಲ್ಲಿನಿಂದ ಕೊಯ್ಯುವಾಗ ಅಂಥ ಶಾಖದ ಮಾತೇ ಬರುವುದಿಲ್ಲ.

ಹಾಗಾದರೆ ವಿಷಯ ಮುಗಿಯಿತಲ್ಲ, ಶಾಖವಿಲ್ಲದ ಕಡೆ ಎಣ್ಣೆ ಯಾಕೆ ಎಂದು ಕೇಳಬಹುದು. ಕೈಕೆಲಸದವರು ಎತ್ತುವ ಮೊದಲ ಆಕ್ಷೇಪ ಇದೇ, ತಂಪಿನ ಸಿದ್ಧಾಂತವನ್ನು ನಂಬಿದರೆ ಇದಕ್ಕೆ ಉತ್ತರವೂ ಇಲ್ಲ. ಉತ್ತರ ಇರುವುದು ಲೋಹದ ಮೈಯಲ್ಲಿ. ನಮ್ಮ ಕಣ್ಣಿಗೆ ಬೀಳುವ ಕಬ್ಬಿಣವಾಗಲಿ ಅಲ್ಯುಮಿನಿಯಂ ಆಗಲಿ ಬೆತ್ತಲೆ ಲೋಹವಲ್ಲ. ಗಾಳಿಯ ಆಮ್ಲಜನಕ ಸೇರಿ ಆದ ತೆಳುವಾದ ಪೊರೆಯೊಂದು ಅದರ ಮೇಲೆ ಯಾವಾಗಲೂ ಇರುತ್ತದೆ. ಎರಡು ಲೋಹದ ತುಂಡುಗಳು ಒಂದಕ್ಕೊಂದು ತಾಗಿದರೂ ಬೆಸೆದುಕೊಳ್ಳದೆ ಇರುವುದರಲ್ಲಿ ಆ ಪೊರೆಯ ಪಾಲು ದೊಡ್ಡದು. ಗರಗಸದ ಹಲ್ಲು ಸಿಪ್ಪೆಯನ್ನು ಎಬ್ಬಿಸಿದ ಕೂಡಲೇ ಅದರ ಕೆಳಗೆ ಹೊಸ ಮೈ ತೆರೆದುಕೊಳ್ಳುತ್ತದೆ, ಪೊರೆ ಕಟ್ಟಲು ಸಮಯವಿಲ್ಲದ, ಆಗ ತಾನೆ ಹುಟ್ಟಿದ ಲೋಹ. ಅದು ಅಪಾರ ಒತ್ತಡದಲ್ಲಿ ಹಲ್ಲಿನ ಮೈಗೆ ಉಜ್ಜಿಕೊಂಡು ಮೇಲೇರಬೇಕು. ಉಜ್ಜುವ ಎರಡು ಲೋಹಗಳು ನಿಜವಾಗಿ ತಾಗುವುದು ಕೆಲವೇ ದಿಬ್ಬದ ತುದಿಗಳಲ್ಲಿ, ಆ ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆ ಬೆಸುಗೆಗಳನ್ನು ಹರಿಯಲು ಬೇಕಾಗುವ ಬಲವೇ ಘರ್ಷಣೆಯ ಬಹುಪಾಲು. ಇದನ್ನು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ 1950ರಲ್ಲಿ ಹೊರತಂದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದರು. ಹಲ್ಲಿನ ಮೂತಿಗೆ ಹೀಗೆ ಅಂಟಿ ಉಳಿದ ಲೋಹ ಒಂದು ಗಡ್ಡೆಯಾಗುತ್ತದೆ, ಗಡ್ಡೆ ಬೆಳೆದು ತಾನೇ ಕೊಯ್ಯಲು ಹೋಗುತ್ತದೆ. ಮೊಂಡು ಮೂತಿ, ಒರಟು ಸೀಳು. ಅಲ್ಯುಮಿನಿಯಂ ಕೊಯ್ದ ಹ್ಯಾಕ್ಸಾ ಬ್ಲೇಡನ್ನು ಬೆಳಕಿಗೆ ಹಿಡಿದರೆ ಹಲ್ಲುಗಳ ಸಂದಿಯಲ್ಲಿ ಬೆಳ್ಳಗೆ ಮೆತ್ತಿಕೊಂಡಿರುವುದು ಕಾಣುತ್ತದಲ್ಲ, ಹಲಸಿನ ಮೇಣದ ಲೋಹರೂಪ ಅದು. ಒಂದು ತೊಟ್ಟು ಸೀಮೆಎಣ್ಣೆ ಬಿದ್ದರೆ ಅದು ಕಟ್ಟಿಕೊಳ್ಳುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ನನ್ನ ದೃಷ್ಟಿಯಲ್ಲಿ ಇಡೀ ವಿಚಾರದ ತಿರುಳೇ ಅದು. ಸಿಪ್ಪೆಗೂ ಹಲ್ಲಿಗೂ ನಡುವಿನ ಒತ್ತಡ ಅಷ್ಟಿರುವಾಗ ಎಣ್ಣೆ ಒಳಗೆ ಹೋಗುವುದಾದರೂ ಹೇಗೆ? ದಾರಿ ಇರುವುದು ಕೂದಲಿಗಿಂತ ಸಣ್ಣ ಬಿರುಕುಗಳಲ್ಲಿ, ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ. ಏರಲು ಸಮಯ ಬೇಕು. ಲೇತಿನ ಮೇಲೆ ಇಂದಿನ ಕಾರ್ಬೈಡ್ ತುದಿಗಳು ನಿಮಿಷಕ್ಕೆ 150 ಮೀಟರ್ ದಾಟಿ ಓಡುವಾಗ ಆ ಸಮಯವೇ ಸಿಗುವುದಿಲ್ಲ. ಹಾಗಾಗಿ ಅಲ್ಲಿ ದ್ರವ ತಂಪು ಮಾಡಬಲ್ಲುದೇ ಹೊರತು ಜಾರಿಸುವುದರಲ್ಲಿ ಅದರ ಆಟ ನಡೆಯದು. ಕೈ ಹ್ಯಾಕ್ಸಾದ ವೇಗ ಲೆಕ್ಕ ಹಾಕಿ: ನಿಮಿಷಕ್ಕೆ 50 ಸಲ, ಸಲಕ್ಕೆ 200 ಮಿಲಿಮೀಟರ್, ಒಟ್ಟು 10 ಮೀಟರ್. ತೂತಿನೊಳಗೆ ಥ್ರೆಡ್ ಕೊಯ್ಯುವ 6 ಮಿಲಿಮೀಟರ್ ಟ್ಯಾಪನ್ನು ಕೈಯಿಂದ ತಿರುಗಿಸಿದರೆ ಒಂದು ಸುತ್ತಿಗೆ ಹಲ್ಲು ಸಾಗುವ ದಾರಿ 19 ಮಿಲಿಮೀಟರ್, ನಾಲ್ಕು ಸೆಕೆಂಡಿಗೆ ಒಂದು ಸುತ್ತಾದರೆ ನಿಮಿಷಕ್ಕೆ 30 ಸೆಂಟಿಮೀಟರೂ ಇಲ್ಲ. ಇರುವೆಯೇ ಇದಕ್ಕಿಂತ ಚುರುಕು. ಇಲ್ಲಿ ಎಣ್ಣೆಗೆ ಒಳನುಗ್ಗಲು ಬೇಕಾದಷ್ಟು ವ್ಯವಧಾನವಿದೆ. ಇದು ಬರೀ ತರ್ಕವಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವ ತೀರಾ ನಿಧಾನವಾದ ಕೊಯ್ತದಲ್ಲಿ ಮಾತ್ರ ಅದ್ಭುತವಾಗಿ ಕೆಲಸ ಮಾಡುತ್ತದೆ, ವೇಗ ಏರಿದಂತೆ ಅದರ ಗುಣ ಮಾಯವಾಗುತ್ತದೆ ಎಂಬುದು ಲೋಹಕೊಯ್ತದ ಪ್ರಯೋಗಶಾಲೆಗಳಲ್ಲಿ ಹಳೆಯ ಸಂಗತಿ. ಯಾರೂ ಅದನ್ನು ಹುಡುಕಿಕೊಂಡು ಹೋಗಬೇಡಿ, ಯಕೃತ್ತಿಗೆ ವಿಷ, ಓಝೋನ್ ಪದರಕ್ಕೂ ಹಾನಿ. ಸಾಕ್ಷಿಯಾಗಿ ಮಾತ್ರ ಹೇಳಿದೆ. ನಿಧಾನವಾದ ಕೆಲಸಕ್ಕೆ ಎಣ್ಣೆ ಬೇಡ ಎಂಬ ಮಾತು ಪೂರ್ತಿ ತಲೆಕೆಳಗು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಟ್ಯಾಪಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಕೈಕೆಲಸದಲ್ಲಿ ಎಣ್ಣೆಯ ಅಗತ್ಯ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಬೇರೊಂದಿಲ್ಲ. 8 ಮಿಲಿಮೀಟರ್ ಬೋಲ್ಟಿಗೆ ಥ್ರೆಡ್ ಹಾಕಬೇಕಾದರೆ 6.8 ಮಿಲಿಮೀಟರ್ ತೂತು ಕೊರೆದು, ಟ್ಯಾಪನ್ನು ನೆಟ್ಟಗೆ ನಿಲ್ಲಿಸಿ, ಹ್ಯಾಂಡಲ್ ಹಾಕಿ ತಿರುಗಿಸುತ್ತಾರೆ. ಕೊಯ್ಯುವುದು ಟ್ಯಾಪಿನ ಮೂತಿಯಲ್ಲಿರುವ ಓರೆ ಹಲ್ಲುಗಳು ಮಾತ್ರ. ಅವುಗಳ ಹಿಂದೆ ಇರುವ ಅಷ್ಟೂ ಹಲ್ಲುಗಳು ಆಗಲೇ ಕೊಯ್ದಾದ ಹಾದಿಯಲ್ಲಿ ಉಜ್ಜಿಕೊಂಡು ಬರುತ್ತವೆ, ದಾರಿ ತೋರುವುದಷ್ಟೇ ಅವುಗಳ ಕೆಲಸ. ಕೊಯ್ದ ಲೋಹ ಸತ್ತ ವಸ್ತುವಲ್ಲ, ಸ್ಪ್ರಿಂಗಿನ ಹಾಗೆ ಒಂದು ಕೂದಲಿನಷ್ಟು ಹಿಂದಕ್ಕೆ ಬಂದು ಆ ಹಲ್ಲುಗಳನ್ನು ಸುತ್ತಲಿಂದ ಹಿಸುಕುತ್ತದೆ. ತೂತು ಆಳವಾದಷ್ಟೂ ಹಿಸುಕುವ ಮೈ ಹೆಚ್ಚು, ಹಿಸುಕಿದ ಕಡೆಯೆಲ್ಲ ಹೊಸ ಲೋಹ ಹಲ್ಲಿಗೆ ಅಂಟಲು ಕಾದಿರುತ್ತದೆ. ಎಣ್ಣೆಯಿಲ್ಲದೆ ತಿರುಗಿಸುವ ಕೈಗೆ ಸಿಗುವ ಪ್ರತಿರೋಧದಲ್ಲಿ ಕೊಯ್ತದ ಪಾಲೆಷ್ಟು, ಈ ವ್ಯರ್ಥ ಉಜ್ಜಾಟದ ಪಾಲೆಷ್ಟು ಎಂದು ಬಿಡಿಸಿ ಹೇಳುವುದೇ ಕಷ್ಟ. ಟ್ಯಾಪು ಮುರಿಯುವುದು ಈ ಗೊಂದಲದಲ್ಲಿ. ಗಟ್ಟಿ ಉಕ್ಕು ಬಾಗುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ, ಗಾಜಿನ ಹಾಗೆ ಪಟ್ಟೆಂದು ಹೋಗುತ್ತದೆ. ಮುರಿದ ತುಂಡು ತೂತಿನೊಳಗೇ ಉಳಿಯುತ್ತದೆ, ಅದನ್ನು ಕೊರೆದು ತೆಗೆಯೋಣವೆಂದರೆ ಅದು ಡ್ರಿಲ್ಲಿನಷ್ಟೇ ಗಟ್ಟಿ. ಹ್ಯಾಕ್ಸಾ ಬ್ಲೇಡು ಮುರಿದರೆ ಬ್ಲೇಡಿನ ಬೆಲೆ ಹೋಯಿತು, ಟ್ಯಾಪು ಮುರಿದರೆ ಅಷ್ಟು ಹೊತ್ತು ಮಾಡಿದ ಕೆಲಸದ ತುಂಡೇ ಹೋಯಿತು. ಒಂದೇ ತಗಡಿನಲ್ಲಿ ಎರಡು ತೂತು ಕೊರೆದು, ಒಂದಕ್ಕೆ ಒಣದಾಗಿ, ಇನ್ನೊಂದಕ್ಕೆ ಎಣ್ಣೆ ಬಿಟ್ಟು ಥ್ರೆಡ್ ಹಾಕಿ, ಭೂತಗನ್ನಡಿಯಲ್ಲಿ ನೋಡಿದರೆ ವಾದದ ಅಗತ್ಯವೇ ಬೀಳುವುದಿಲ್ಲ. ಒಂದು ಥ್ರೆಡ್ಡು ಹೊಳೆಯುತ್ತದೆ, ಇನ್ನೊಂದು ಹರಕು ಸೀರೆಯ ಅಂಚಿನಂತಿರುತ್ತದೆ.

ಯಾವ ಎಣ್ಣೆ ಎಂಬ ಪ್ರಶ್ನೆ ಈಗ ಬರುತ್ತದೆ, ಯಾವುದಾದರೂ ನಡೆಯುತ್ತದೆ ಎಂಬ ಉತ್ತರವೂ ಅದರ ಹಿಂದೆಯೇ. ಇಲ್ಲಿ ನಾನು ಒಪ್ಪುವುದಿಲ್ಲ. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯ ಕೆಲಸ ಬೇರೆ. ಅಲ್ಲಿ ದಪ್ಪ ಎಣ್ಣೆಯ ಪದರ ಎರಡು ಮೈಗಳನ್ನು ದೂರವಿಟ್ಟು ತಾನು ನಡುವೆ ಹಾಸಿಗೆಯಾಗುತ್ತದೆ. ಕೊಯ್ಯುವ ಹಲ್ಲಿನ ಮೇಲಿನ ಒತ್ತಡಕ್ಕೆ ಅಂಥ ಹಾಸಿಗೆ ನಿಲ್ಲುವುದಿಲ್ಲ, ಹಿಂಡಿ ಆಚೆ ಹೋಗುತ್ತದೆ. ಅಲ್ಲಿ ಉಳಿಯಬೇಕಾದರೆ ಎಣ್ಣೆಯ ಅಣು ಲೋಹವನ್ನು ಕಚ್ಚಿ ಹಿಡಿದಿರಬೇಕು. 1922ರಲ್ಲಿ ವಿಲಿಯಂ ಹಾರ್ಡಿ ಮತ್ತು ಐಡಾ ಡಬಲ್‌ಡೇ ಎಂಬಿಬ್ಬರು ತೋರಿಸಿದ್ದು ಇದನ್ನೇ: ಅಣುವಿನಷ್ಟೇ ತೆಳುವಾದ ಪೊರೆಯೂ ಘರ್ಷಣೆಯನ್ನು ಇಳಿಸಬಲ್ಲದು, ಅಣುವಿನ ಬಾಲ ಉದ್ದವಾದಷ್ಟೂ ಘರ್ಷಣೆ ಇಳಿಯುತ್ತದೆ, ಕೊಬ್ಬಿನ ಆಮ್ಲಗಳು ಬರೀ ಪ್ಯಾರಫಿನ್ ಎಣ್ಣೆಗಿಂತ ಮೇಲು. ಒಂದು ತುದಿ ಲೋಹಕ್ಕೆ ಕಚ್ಚಿ, ಬಾಲ ಹೊರಗೆ ಚಾಚಿ ನಿಂತ ಅಣುಗಳನ್ನು ಗದ್ದೆಯ ಪೈರಿನ ಹಾಗೆ ಊಹಿಸಿಕೊಳ್ಳಬಹುದು. ಹರಳೆಣ್ಣೆ, ಕೊಬ್ಬರಿ ಎಣ್ಣೆಯಂಥ ಸಸ್ಯಮೂಲದ ಎಣ್ಣೆಗಳಿಗೂ, ಪಶ್ಚಿಮದ ವರ್ಕ್‌ಶಾಪುಗಳಲ್ಲಿ ಬಹುಕಾಲ ಬಳಸಿದ ಹಂದಿಯ ಕೊಬ್ಬಿನ ಎಣ್ಣೆಗೂ ಈ ಕಚ್ಚುವ ಗುಣ ಸಹಜವಾಗಿ ಇದೆ. ಅಂಗಡಿಯ ಕಟಿಂಗ್ ಆಯಿಲ್‌ನಲ್ಲಿ ಇಂಥ ಕೊಬ್ಬಿನಂಶದ ಜೊತೆಗೆ ಹಲವು ಸಲ ಗಂಧಕವೂ ಸೇರಿರುತ್ತದೆ, ಅದು ಉಕ್ಕಿನೊಡನೆ ಕೂಡಿ ತೆಳ್ಳಗಿನ, ಸುಲಭವಾಗಿ ಹರಿಯುವ ಪೊರೆ ಕಟ್ಟುತ್ತದೆ. ತಾಮ್ರ, ಹಿತ್ತಾಳೆಗೆ ಅದನ್ನು ಹಾಕಿದರೆ ಕಪ್ಪು ಕಲೆ ಬೀಳುತ್ತದೆ ಎಂಬುದು ನೆನಪಿರಲಿ. ಅಕ್ಕಸಾಲಿಗರು ತಂತಿಯಂಥ ಗರಗಸಕ್ಕೆ ಜೇನುಮೇಣ ಉಜ್ಜಿಕೊಳ್ಳುವುದೂ, ಕಂಬಚ್ಚಿನಲ್ಲಿ ತಂತಿ ಎಳೆಯುವಾಗ ಮೇಣವೋ ಎಣ್ಣೆಯೋ ಸವರುವುದೂ ಇದೇ ಗುಣಕ್ಕಾಗಿ. ಹಾರ್ಡಿ ಹುಟ್ಟುವ ಮೊದಲೇ ಕಸುಬಿನವರ ಬೆರಳಿಗೆ ಗೊತ್ತಿದ್ದ ವಿದ್ಯೆ.

ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಸುಟ್ಟ ಎಂಜಿನ್ ಆಯಿಲ್ ಸಾಲದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ, ದುಡ್ಡಿನ ಮಾತು ಅದು. ಒಣಗಿರುವುದಕ್ಕಿಂತ ಅದೂ ವಾಸಿ, ನಿಜ. ಆದರೆ ಎಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ಸಂಯುಕ್ತಗಳು ಕೂಡಿಕೊಳ್ಳುತ್ತವೆ, ಸವೆದ ಲೋಹದ ನುಣ್ಣನೆಯ ಪುಡಿಯೂ ತೇಲುತ್ತಿರುತ್ತದೆ. ಇಂಗ್ಲೆಂಡಿನ ಲ್ಯಾಂಕಾಷೈರಿನ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಎಣ್ಣೆ ದಿನವೂ ಬಟ್ಟೆಗೆ ಇಳಿದು ಚರ್ಮಕ್ಕೆ ಸೋಕುತ್ತಿದ್ದ ಕಾರ್ಮಿಕರಲ್ಲಿ ಚರ್ಮದ ಕ್ಯಾನ್ಸರ್ ಎಷ್ಟು ಕಂಡುಬಂತೆಂದರೆ, ಆ ಕಸುಬಿನ ಹೆಸರನ್ನೇ ರೋಗಕ್ಕೆ ಇಟ್ಟರು. ಸರಿಯಾಗಿ ಶುದ್ಧಿಮಾಡದ ಖನಿಜ ತೈಲಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯನಿಗೆ ಕ್ಯಾನ್ಸರ್‌ಕಾರಕ ಎಂಬ ಮೊದಲ ವರ್ಗದಲ್ಲೇ ಇಟ್ಟಿದೆ. ಯಂತ್ರದಲ್ಲಿ ಎಣ್ಣೆ ಮುಟ್ಟುವುದು ಉಳಿಯನ್ನು, ಕೈಕೆಲಸದಲ್ಲಿ ಮುಟ್ಟುವುದು ಬೆರಳನ್ನು. ಒಂದು ತೂತಿಗೆ ಬೇಕಾದ್ದು ನಾಲ್ಕು ತೊಟ್ಟು. ಅಷ್ಟರಲ್ಲಿ ಉಳಿಯುವ ಕಾಸಿಗೆ ಈ ಅಪಾಯ ತಕ್ಕ ಬೆಲೆಯಲ್ಲ. ಹರಳೆಣ್ಣೆಯ ದೋಷವೆಂದರೆ ಒರೆಸದೆ ಬಿಟ್ಟರೆ ದಿನ ಕಳೆದಂತೆ ಜಿಗುಟಾಗುತ್ತದೆ, ಅದಕ್ಕೆ ಒಂದು ಹಳೆ ಬಟ್ಟೆ ಸಾಕು.

ಇಷ್ಟು ಹೊತ್ತು ಎಣ್ಣೆಯ ಪರ ಮಾತಾಡಿದವನು ಈಗ ಅರಕ್ಕೆ ಎಣ್ಣೆ ಬೇಡ ಎಂದರೆ ಮಾತು ತಪ್ಪಿದಂತೆ ಕಾಣಬಹುದು. ಕಾರಣ ಒಂದೇ ಬೇರಿನದು. ಅರದ ಒಂದೊಂದು ಹಲ್ಲೂ ಸಣ್ಣದು, ಒಂದು ಸಲಕ್ಕೆ ನೂರಾರು ಹಲ್ಲುಗಳು ಲೋಹದ ಮೇಲೆ ಕೂತಿರುತ್ತವೆ, ಅವನ್ನು ಒತ್ತುವುದು ಎರಡು ಅಂಗೈಗಳ ಬಲ ಮಾತ್ರ. ಹಲ್ಲೊಂದಕ್ಕೆ ಬರುವ ಪಾಲು ಅತ್ಯಲ್ಪ. ಹಲ್ಲು ಮೊದಲು ಕಚ್ಚಬೇಕು, ಆಮೇಲಲ್ಲವೇ ಕೊಯ್ಯುವುದು? ಟ್ಯಾಪಿನ ಹಲ್ಲಿಗೆ ಕಚ್ಚದೆ ಬೇರೆ ದಾರಿಯಿಲ್ಲ, ಥ್ರೆಡ್ಡೇ ಅದನ್ನು ಒಳಕ್ಕೆ ಎಳೆಯುತ್ತದೆ. ಅರಕ್ಕೆ ಜಾರಿಹೋಗುವ ದಾರಿ ಸದಾ ತೆರೆದಿದೆ. ಅರ ಹಾಕಿದ ಮೈಯನ್ನು ಬೆರಳಿನಿಂದ ಸವರಿ ನೋಡಬೇಡ ಎಂದು ಫಿಟ್ಟರ್ ಕೆಲಸ ಕಲಿಯುವವರಿಗೆ ಹೇಳುತ್ತಾರೆ. ಬೀಡು ಕಬ್ಬಿಣದ ಮೈಯಾದರೆ ಇನ್ನೂ ಕಟ್ಟುನಿಟ್ಟಾಗಿ. ಹೆಬ್ಬೆರಳಿನ ಚರ್ಮದ ಜಿಡ್ಡು ಅಂಟಿದರೆ ಸಾಕು, ಅರದ ಮುಂದಿನ ಎಳೆತ ಆ ಜಾಗದಲ್ಲಿ ಕಚ್ಚದೆ ಜಾರುತ್ತದೆ. ಕಣ್ಣಿಗೆ ಕಾಣದ ಜಿಡ್ಡಿನ ಪೊರೆಗೆ ಇಷ್ಟು ಶಕ್ತಿಯಿದೆ ಎಂಬುದು ಹಾರ್ಡಿಯ ಮಾತಿಗೆ ಬೆಂಚಿನ ಮೇಲೆಯೇ ಸಿಗುವ ಸಾಕ್ಷಿ, ಅದೂ ಕಾಸು ಖರ್ಚಿಲ್ಲದೆ. ಟ್ಯಾಪಿಗೆ ಗೆಳೆಯನಾದ ಅದೇ ಪೊರೆ ಅರಕ್ಕೆ ಶತ್ರು. ಎಣ್ಣೆ ಬಿದ್ದರೆ ಇನ್ನೂ ಒಂದು ಕೇಡು, ಪುಡಿ ಒದ್ದೆಯಾಗಿ ಹಲ್ಲಿನ ಸಂದಿಯಲ್ಲಿ ಮೆತ್ತಿ, ಗಟ್ಟಿಯಾದ ಮುಳ್ಳಾಗಿ, ನುಣುಪಾಗಬೇಕಾದ ಮೈಯನ್ನು ಗೀರುತ್ತದೆ. ಅದಕ್ಕೇ ನುಣುಪು ಕೆಲಸಕ್ಕೆ ಅರದ ಮೈಗೆ ಸೀಮೆಸುಣ್ಣ ಉಜ್ಜುವ ರೂಢಿ. ಸುಣ್ಣದ ಪುಡಿ ಸಂದಿಯಲ್ಲಿ ಕೂತು ಲೋಹ ಅಂಟದಂತೆ ನೋಡಿಕೊಳ್ಳುತ್ತದೆ, ಹಲ್ಲಿನ ಕಚ್ಚುವಿಕೆಯನ್ನು ಕಸಿಯುವುದಿಲ್ಲ. ಕೆಲಸ ಎಣ್ಣೆಯದೇ, ವೇಷ ಒಣದು.

ಬೀಡು ಕಬ್ಬಿಣದ ಮಾತು ಬಂತಲ್ಲ, ಅದೂ ಎಣ್ಣೆ ಬೇಡದ ಲೋಹ. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕವಾಗುವ ಬೂದು ಬೀಡಿನ ಒಡಲಲ್ಲಿ ಶೇಕಡ 3ರ ಆಸುಪಾಸು ಇಂಗಾಲವಿರುತ್ತದೆ, ಬಹುಪಾಲು ಗ್ರ್ಯಾಫೈಟ್ ಚಕ್ಕೆಗಳಾಗಿ. ಗ್ರ್ಯಾಫೈಟ್ ತಾನೇ ಜಾರುವ ವಸ್ತು. ಬೀಡು ಸುರುಳಿಯಾಗಿ ಏಳದೆ ಪುಡಿಪುಡಿಯಾಗಿ ಉದುರುವುದರಿಂದ ಹಲ್ಲಿನ ಮೇಲೆ ಉದ್ದಕ್ಕೆ ಉಜ್ಜುವ ಸಿಪ್ಪೆಯೂ ಇಲ್ಲ. ಎಣ್ಣೆ ಹಾಕಿದರೆ ಸಿಗುವುದು ಕಪ್ಪು ಕೆಸರು. ಸುಲಭವಾಗಿ ಕೊಯ್ಯಲೆಂದೇ ಮಾಡುವ ಹಿತ್ತಾಳೆಯಲ್ಲೂ ಹಾಗೆಯೇ, ಶೇಕಡ 3ರಷ್ಟು ಸೀಸ ಒಳಗೇ ಚುಕ್ಕೆಚುಕ್ಕೆಯಾಗಿ ಹರಡಿರುತ್ತದೆ. ಈ ಲೋಹಗಳು ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿರುತ್ತವೆ ಎನ್ನಬಹುದು.

ಹ್ಯಾಕ್ಸಾದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯಲಾರೆ. ತಲೆಮಾರುಗಳಿಂದ ಒಣ ಬ್ಲೇಡಿನಲ್ಲೇ ಕೊಯ್ದವರಿದ್ದಾರೆ, ಅವರ ಕೆಲಸವೇನೂ ಕೆಟ್ಟಿಲ್ಲ, ಹಾಗಿರುವಾಗ ನಿಮ್ಮ ಉಪದೇಶ ಯಾರಿಗೆ ಎಂಬ ಆಕ್ಷೇಪಕ್ಕೆ ಅರ್ಧ ಬೆಲೆ ಕೊಡಲೇಬೇಕು. ಹ್ಯಾಕ್ಸಾದ ಹಲ್ಲು ಟ್ಯಾಪಿನ ಹಾಗೆ ತೂತಿನೊಳಗೆ ಸೆರೆಯಾಗಿಲ್ಲ, ಪ್ರತಿ ಎಳೆತಕ್ಕೂ ಹೊರಗೆ ಬಂದು ಪುಡಿಯನ್ನು ಉದುರಿಸುತ್ತದೆ. ಹಲ್ಲುಗಳನ್ನು ಎಡಬಲಕ್ಕೆ ಬಾಗಿಸಿರುವುದರಿಂದ ಸೀಳು ಬ್ಲೇಡಿಗಿಂತ ಅಗಲ, ಬ್ಲೇಡಿನ ಕೆನ್ನೆಗಳು ಗೋಡೆಗೆ ಉಜ್ಜುವುದು ಕಡಿಮೆ. ತೆಳು ಕೊಳವೆಗೆ ಅಂಗುಲಕ್ಕೆ 32 ಹಲ್ಲಿನ ಬ್ಲೇಡು, ದಪ್ಪ ಸರಳಿಗೆ 18ರದ್ದು ಎಂಬ ಆಯ್ಕೆ ಸರಿಯಿದ್ದರೆ ಅದರ ಲಾಭದ ಮುಂದೆ ಎಣ್ಣೆಯ ಲಾಭ ಸಣ್ಣದೇ. ಎಣ್ಣೆಯಿಂದ ಗೀಟು ಮರೆಯಾಗುತ್ತದೆ, ಕೈ ಜಾರುತ್ತದೆ ಎಂಬ ದೂರೂ ನ್ಯಾಯವೇ. ಹಾಗಿದ್ದೂ ಎರಡು ಸಂದರ್ಭಗಳಲ್ಲಿ ಒಣ ಬ್ಲೇಡಿನವರ ವಾದ ನಿಲ್ಲುವುದಿಲ್ಲ. ಒಂದು, ಮೆತ್ತಿಕೊಳ್ಳುವ ಅಲ್ಯುಮಿನಿಯಂ, ತಾಮ್ರ. ಎರಡು, ದಪ್ಪ ತುಂಡಿನ ಆಳದ ಸೀಳು. ಸವೆದ ಬ್ಲೇಡಿನ ಹೊರಬಾಗು ಕರಗಿ ಕೆನ್ನೆ ಉಜ್ಜತೊಡಗಿದಾಗ ಬ್ಲೇಡಿನ ಬದಿಗೆ ಸವರಿದ ಮೇಣವೋ ಎಣ್ಣೆಯೋ ತೋಳಿಗೆ ಕೂಡಲೇ ತಿಳಿಯುತ್ತದೆ. ಕೊಯ್ದ ಮೇಲೆ ಬಣ್ಣ ಹಚ್ಚುವುದೋ ವೆಲ್ಡ್ ಮಾಡುವುದೋ ಇದ್ದರೆ ಜಿಡ್ಡನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯದು, ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ. ಆ ತೊಳೆಯುವ ಶ್ರಮ ಬೇಡ ಎನ್ನುವವರು ಒಂದು ಸರಳಿಗೆ ಒಣದಾಗಿಯೇ ಕೊಯ್ದುಕೊಳ್ಳಲಿ. ಅದರಲ್ಲಿ ಅವಿವೇಕವೇನಿಲ್ಲ.

ಎಲ್ಲವನ್ನೂ ಜಾರಿಕೆಯೊಂದರಿಂದಲೇ ವಿವರಿಸಿಬಿಟ್ಟೆ ಎಂದು ಬೀಗಲೂ ಸಾಧ್ಯವಿಲ್ಲ. ಸೋವಿಯತ್ ವಿಜ್ಞಾನಿ ರೆಬಿಂಡರ್ 1928ರಲ್ಲೇ ಒಂದು ವಿಚಿತ್ರವನ್ನು ಗುರುತಿಸಿದ್ದರು: ಕೆಲವು ದ್ರವಗಳು ಘನವಸ್ತುವಿನ ಮೈಗೆ ತಾಗಿದರೆ ಆ ವಸ್ತುವೇ ದುರ್ಬಲವಾದಂತೆ ವರ್ತಿಸುತ್ತದೆ. 2018ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರ್ ಮತ್ತು ಸಂಗಡಿಗರು ಅಲ್ಯುಮಿನಿಯಂ, ತಾಮ್ರ, ನಿಕಲ್, ಸ್ಟೇನ್‌ಲೆಸ್ ಸ್ಟೀಲಿನಂಥ ಜಿಗುಟು ಲೋಹಗಳ ಮೈಗೆ ಮಾರ್ಕರ್ ಪೆನ್ನಿನ ಶಾಯಿ, ಗೋಂದಿನಂಥ ಸಾಮಾನ್ಯ ವಸ್ತು ಬಳಿದು ಕೊಯ್ದು ನೋಡಿದರು. ಕೊಯ್ಯುವ ಬಲ ಗಣನೀಯವಾಗಿ ಇಳಿಯಿತು, ಕೊಯ್ದ ಮೈ ನಯವಾಯಿತು. ಸ್ವಾರಸ್ಯವಿರುವುದು ಶಾಯಿ ಇದ್ದ ಜಾಗದಲ್ಲಿ. ಅದು ಉಳಿಗೂ ಸಿಪ್ಪೆಗೂ ನಡುವೆ ಹೋಗಿರಲೇ ಇಲ್ಲ, ಲೋಹದ ಹೊರಮೈಯಲ್ಲಿ, ಉಳಿ ಇನ್ನೂ ತಲುಪದ ಕಡೆ ಇತ್ತು. ಜಿಗುಟು ಲೋಹ ಉಳಿಯ ಮುಂದೆ ಕಣಕದ ಹಾಗೆ ಮಡಿಕೆಮಡಿಕೆಯಾಗಿ ಮುದುಡುತ್ತದೆ. ಮೈಗಂಟಿದ ಪೊರೆ ಆ ಮುದುಡುವಿಕೆಯನ್ನು ತಡೆದು, ಲೋಹ ಸೀಳಿ ಬರುವಂತೆ ಮಾಡುತ್ತದೆ ಎಂದು ಅವರು ವಿವರಿಸಿದರು. ಇದು ಜಾರಿಕೆಯಲ್ಲ, ತಂಪಂತೂ ಅಲ್ಲವೇ ಅಲ್ಲ. ಎಣ್ಣೆ ತೊಟ್ಟಿನ ಒಂದಷ್ಟು ಪುಣ್ಯ ಈ ಲೆಕ್ಕಕ್ಕೂ ಸೇರುತ್ತಿರಬಹುದು. ನನ್ನ ವಾದಕ್ಕೆ ಇದರಿಂದ ತಿದ್ದುಪಡಿ ಬರುತ್ತದೆ, ಸೋಲು ಬರುವುದಿಲ್ಲ. ಎರಡರಲ್ಲೂ ಕೆಲಸ ಮಾಡುವುದು ಲೋಹದ ಮೈಗೆ ಕಚ್ಚಿಕೊಂಡ ಪೊರೆಯೇ.

ಸ್ಟೇನ್‌ಲೆಸ್ ಸ್ಟೀಲು ಹಾಗೂ ಕರೆಂಟಿನ ಕೈ ಡ್ರಿಲ್ಲು ಸೇರಿದ ಕಡೆ ಮಾತ್ರ ತಂಪೂ ಜಾರಿಕೆಯೂ ಒಟ್ಟಿಗೆ ಬೇಕಾಗುತ್ತವೆ. 10 ಮಿಲಿಮೀಟರ್ ಡ್ರಿಲ್ ಬಿಟ್ಟು ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಅದರ ಅಂಚು 31 ಮೀಟರ್ ಓಡುತ್ತದೆ, ಅಲ್ಲಿಗೆ ನಾವು ಟೇಲರರ ಸೀಮೆಗೆ ಕಾಲಿಟ್ಟಾಯಿತು. ಈ ಲೋಹದ ಇನ್ನೊಂದು ಗುಣವೆಂದರೆ, ಕೊಯ್ಯದೆ ಬರೀ ಉಜ್ಜಿದರೆ ಉಜ್ಜಿದ ಜಾಗ ಗಟ್ಟಿಯಾಗುತ್ತದೆ. ಡ್ರಿಲ್ಲು ಒಮ್ಮೆ ಮೆರುಗು ಕೊಟ್ಟು ಜಾರತೊಡಗಿತೆಂದರೆ ಆಮೇಲೆ ಎಷ್ಟು ಒತ್ತಿದರೂ ಹೊಗೆಯೇ. ವೇಗ ಇಳಿಸಿ, ಒತ್ತಡ ಬಿಡದೆ, ಎಣ್ಣೆ ಹಾಕುತ್ತಾ ಹೋದರೆ ಅದೇ ಬಿಟ್ಟು ಸುರುಳಿ ಎಬ್ಬಿಸುತ್ತದೆ.

ಬಾನುಲಿಯಲ್ಲಿ ಕೈ ಹಿಡಿದು ತೋರಿಸಲಾಗದು, ಆದರೆ ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ತಿಳಿಯುತ್ತದೆ. ಎಣ್ಣೆ ಇರುವ ಟ್ಯಾಪು ತಿರುಗುವಾಗ ಸದ್ದೇ ಇರುವುದಿಲ್ಲ, ಇದ್ದರೆ ಹುರಿದ ರವೆಯನ್ನು ಬೆರಳಲ್ಲಿ ಹೊಸೆದಂಥ ಸಣ್ಣ ಸದ್ದು. ಒಣಗಿತೆಂದರೆ ಕಿರುಗುಟ್ಟುತ್ತದೆ, ಎಣ್ಣೆ ಕಾಣದ ಬಾಗಿಲ ಕೀಲಿನ ಹಾಗೆ. ಅಂಟಿಕೊಂಡು, ಹರಿದು, ಮತ್ತೆ ಅಂಟಿಕೊಳ್ಳುವ ಲೋಹದ ಸದ್ದು ಅದು. ಅದರ ಮುಂದಿನ ಸದ್ದು ಪಟ್. ಕಿರುಗುಟ್ಟಿದ ಕೂಡಲೇ ಮುಂದೆ ತಿರುಗಿಸುವುದನ್ನು ನಿಲ್ಲಿಸಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಬೇಕು. ಸಿಪ್ಪೆ ತುಂಡಾದದ್ದು ಕೈಗೆ ಒಂದು ಸಣ್ಣ ಟಕ್ ಎಂದು ಗೊತ್ತಾಗುತ್ತದೆ. ಟ್ಯಾಪಿನ ಗೀರುಗಳಲ್ಲಿ ಪುಡಿ ತುಂಬಿದ್ದರೆ ಪೂರ್ತಿ ಹೊರಗೆ ತೆಗೆದು ಬ್ರಷ್ಷಿನಿಂದ ಕೊಡವಿ, ಮತ್ತೆ ಇಳಿಸಿ, ಎರಡು ತೊಟ್ಟು ಬಿಟ್ಟು, ನಾಲ್ಕೈದು ಉಸಿರು ಕಾಯಬೇಕು. ಎಣ್ಣೆ ಆ ಸಣ್ಣ ಸಂದಿಗಳಲ್ಲಿ ತನ್ನಷ್ಟಕ್ಕೆ ಹತ್ತಿಕೊಂಡು ಹೋಗಲು ಅಷ್ಟು ಹೊತ್ತು ಬೇಕು.